ಸಂಪಿನ ಮೋಟರ್ ಕೊಳ್ಳುವ ಮುನ್ನ ಟೇಪು ಹಿಡಿಯಿರಿ

ಮೋಟರ್ ಅಂಗಡಿಗೆ ಕಾಲಿಟ್ಟ ಕೂಡಲೇ ಎದುರಾಗುವ ಪ್ರಶ್ನೆ, “ಎಷ್ಟು ಎಚ್‌ಪಿ ಕೊಡ್ಲಿ ಅಣ್ಣಾ?” ಗಿರಾಕಿಯ ಬಾಯಲ್ಲೂ ಉತ್ತರ ಸಿದ್ಧವಾಗಿರುತ್ತದೆ. ಪಕ್ಕದ ಮನೆಯವರದು ಅರ್ಧ ಎಚ್‌ಪಿ, ನಮ್ಮದು ಮಹಡಿ ಮನೆ, ಒಂದೇ ಇರಲಿ ಬಿಡಿ. ಹತ್ತು ನಿಮಿಷದಲ್ಲಿ ವ್ಯಾಪಾರ ಮುಗಿದು ಪೆಟ್ಟಿಗೆ ಸ್ಕೂಟರ್ ಏರುತ್ತದೆ. ಆಮೇಲೆ ಟ್ಯಾಂಕಿಗೆ ನೀರು ದಾರದಂತೆ ಬೀಳುವುದು, ವರ್ಷಕ್ಕೊಮ್ಮೆ ವೈಂಡಿಂಗ್ ಸುಡುವುದು, ಕಂಡೆನ್ಸರ್ ಪದೇ ಪದೇ ಹೋಗುವುದು ಶುರುವಾಗುತ್ತದೆ. ಬೈಗುಳ ಮಾತ್ರ ಕಂಪನಿಗೆ. ಹೆಚ್ಚಿನ ಪಾಲು ತಪ್ಪು ಮೋಟರಿನದಲ್ಲ, ಆ ಮೊದಲ ಪ್ರಶ್ನೆಯದು. ಎಚ್‌ಪಿ ಎಂದರೆ ಮೋಟರಿನ ತಾಕತ್ತು. ನಿಮ್ಮ ಮನೆಯ ಎತ್ತರಕ್ಕೆ ನಿಮಿಷಕ್ಕೆ ಎಷ್ಟು ಲೀಟರ್ ಏರುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ತಿಳಿಯಬೇಕಾದದ್ದು ಮಾತ್ರ ಅದೇ.

ಕಡೂರು, ಬೀರೂರು, ಅಜ್ಜಂಪುರದ ಕಡೆ ಸಂಪಿಲ್ಲದ ಹೊಸ ಮನೆ ಸಿಗುವುದು ಕಷ್ಟ. ಮಲೆನಾಡಿನ ಬೆನ್ನಿಗಿದ್ದರೂ ಇದು ಮಳೆನೆರಳಿನ ಸೀಮೆ. ನಲ್ಲಿ ನೀರು ಬಂದ ದಿನ ಹಿಡಿದಿಟ್ಟುಕೊಳ್ಳಬೇಕು, ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸಬೇಕು, ಬೋರ್ ಇದ್ದವರೂ ಕರೆಂಟ್ ಇದ್ದಾಗ ಸಂಪು ತುಂಬಿಸಿಕೊಳ್ಳಬೇಕು. ಯಾವ ನೀರೇ ಆಗಲಿ, ಮೊದಲು ನೆಲದಡಿಯ ತೊಟ್ಟಿಗೆ ಬಂದು ಅಲ್ಲಿಂದ ತಾರಸಿಗೆ ಏರಬೇಕು. ಈ ಎರಡನೇ ಏರಿಕೆಗೆ ಬೇಕಾದ ಮೋಟರಿನ ಬಗ್ಗೆ ಈ ಬರಹ.

ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಮಹಡಿ ಹತ್ತಿ. ಅಳತೆ ಸಂಪಿನ ಮುಚ್ಚಳದಿಂದ ಶುರುವಾಗಬಾರದು. ನೀರು ತಳ ಕಂಡಾಗ ಎಲ್ಲಿರುತ್ತದೋ ಅಲ್ಲಿಂದ ಹಿಡಿದು, ಟ್ಯಾಂಕಿನೊಳಕ್ಕೆ ನೀರು ಸುರಿಯುವ ಪೈಪಿನ ತುದಿಯವರೆಗೆ ನೆಟ್ಟಗಿನ ಎತ್ತರ ಬೇಕು. ಒಂದು ಮಹಡಿಯ ಸಾಮಾನ್ಯ ಮನೆಯನ್ನೇ ತೆಗೆದುಕೊಳ್ಳೋಣ. ಸಂಪಿನ ಆಳ 6 ಅಡಿ, ನೆಲದಿಂದ ತಾರಸಿಗೆ 22 ಅಡಿ, ಟ್ಯಾಂಕ್ ಕೂರಿಸಿದ ಕಟ್ಟೆ 3 ಅಡಿ, ಟ್ಯಾಂಕಿನ ಬಾಯಿ ಇನ್ನೂ 4 ಅಡಿ. ಒಟ್ಟು 35 ಅಡಿ, ಅಂದರೆ 10.7 ಮೀಟರ್. ಮೋಟರ್ ಭಾಷೆಯಲ್ಲಿ ಇದು ಹೆಡ್. ಕಟ್ಟೆ ಮತ್ತು ಟ್ಯಾಂಕಿನ ಏಳಡಿಯನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವವರೇ ಹೆಚ್ಚು. ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಯೋಚನೆ ನಿಜವಾಗಿಯೂ ಇದ್ದರೆ ಅದಕ್ಕೆ 10 ಅಡಿ ಈಗಲೇ ಸೇರಿಸಿ. ‘ಮುಂದೆ ಯಾವಾಗಲಾದರೂ’ ಎಂಬ ಯೋಚನೆಗೆ ಸೇರಿಸಬೇಡಿ.

ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಈ ಲೆಕ್ಕ ಯಾರಿಗೂ ಮರೆಯುವಂತಿರಲಿಲ್ಲ. ಬಾವಿ ಎಷ್ಟು ಆಳವೋ ಎತ್ತುಗಳು ಇಳಿಜಾರಿನಲ್ಲಿ ಹೆಚ್ಚುಕಮ್ಮಿ ಅಷ್ಟು ದೂರ ಹಗ್ಗ ಎಳೆಯಬೇಕಿತ್ತು. ಆಳ ಹೆಚ್ಚಿದರೆ ಬಾನಿ ಮೇಲೆ ಬರುವುದು ನಿಧಾನವಾಗುತ್ತಿತ್ತು, ದಿನಕ್ಕೆ ಒದ್ದೆಯಾಗುವ ನೆಲ ಕಡಿಮೆಯಾಗುತ್ತಿತ್ತು. ಕರೆಂಟ್ ಮೋಟರಿಗೂ ಇದೇ ನಿಯಮ. ಎತ್ತರ ಹೆಚ್ಚಿದಷ್ಟೂ ನಿಮಿಷಕ್ಕೆ ಬರುವ ನೀರು ಕಡಿಮೆ.

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದ ಎರಡು ಅಂಕಿಗಳಿರುತ್ತವೆ, ಗರಿಷ್ಠ ಹೆಡ್ ಮತ್ತು ಗರಿಷ್ಠ ಡಿಸ್ಚಾರ್ಜ್. ಇವೆರಡೂ ಒಟ್ಟಿಗೆ ಎಂದೂ ಸಿಗುವುದಿಲ್ಲ. ಗರಿಷ್ಠ ಹೆಡ್ 30 ಮೀಟರ್ ಎಂದರೆ, 30 ಮೀಟರಿನಲ್ಲಿ ನೀರು ಪೈಪಿನೊಳಗೆ ಸುಮ್ಮನೆ ನಿಂತಿರುತ್ತದೆ ಎಂದರ್ಥ. ಒಂದು ಹನಿಯೂ ಹೊರಗೆ ಬೀಳುವುದಿಲ್ಲ. ಗರಿಷ್ಠ ಡಿಸ್ಚಾರ್ಜ್ ಎಂಬುದು ಎತ್ತರವೇ ಇಲ್ಲದಂತೆ ಬಿಟ್ಟಾಗ ಬರುವ ನೀರು. ನಿಮ್ಮ ಮನೆ ಇವೆರಡರ ನಡುವೆ ಎಲ್ಲೋ ಇದೆ. ಆದ್ದರಿಂದ ಪೆಟ್ಟಿಗೆಯ ಪಕ್ಕದಲ್ಲೋ ಒಳಗಿನ ಪುಸ್ತಕದಲ್ಲೋ ಇರುವ ಹೆಡ್-ಡಿಸ್ಚಾರ್ಜ್ ಪಟ್ಟಿಯನ್ನು ಕೇಳಿ ಓದಿ. ಉದಾಹರಣೆಗೆ ಒಂದು ಅರ್ಧ ಎಚ್‌ಪಿ ಮೋಟರಿನ ಪಟ್ಟಿಯಲ್ಲಿ 6 ಮೀಟರಿಗೆ ನಿಮಿಷಕ್ಕೆ 45 ಲೀಟರ್, 12ಕ್ಕೆ 33, 18ಕ್ಕೆ 20, 24ಕ್ಕೆ 9 ಎಂದು ಇದೆ ಎಂದಿಟ್ಟುಕೊಳ್ಳಿ. ನಿಮ್ಮ ಹೆಡ್ 12ರ ಆಸುಪಾಸಿದ್ದರೆ ನಿಮಗೆ ಅನ್ವಯಿಸುವುದು 33 ಎಂಬ ಅಂಕಿ ಮಾತ್ರ. ಸಾವಿರ ಲೀಟರಿನ ಟ್ಯಾಂಕ್ ಅರ್ಧ ಗಂಟೆಯಲ್ಲಿ ತುಂಬುತ್ತದೆ. ಪಟ್ಟಿ ತೋರಿಸಲಾರದ ಮೋಟರನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ನಿಮಿಷಕ್ಕೆ ಮೂವತ್ತು ಲೀಟರ್ ಸಾಕೇ ಎಂದು ಕೇಳುವವರಿದ್ದಾರೆ. ಪಟ್ಟಣದ ನೀರು ಸರಬರಾಜಿಗೆ ದೇಶದಲ್ಲಿ ಬಳಸುವ ಅಳತೆ ತಲೆಗೆ ದಿನಕ್ಕೆ 135 ಲೀಟರ್, ಹಳ್ಳಿಗೆ ಜಲಜೀವನ್ ಮಿಷನ್ ಇಟ್ಟುಕೊಂಡಿರುವುದು 55 ಲೀಟರ್. ಐದು ಜನರ ಮನೆಗೆ ಪಟ್ಟಣದ ಲೆಕ್ಕ ಹಿಡಿದರೂ 675 ಲೀಟರ್. ಇಪ್ಪತ್ತೈದು ನಿಮಿಷ ಮೋಟರ್ ಓಡಿದರೆ ದಿನದ ಕೆಲಸ ಮುಗಿಯಿತು. ಕರೆಂಟ್ ಕಣ್ಣಾಮುಚ್ಚಾಲೆಯಾಡುವ ದಿನಗಳಲ್ಲೂ ಅಷ್ಟು ಹೊತ್ತು ಸಿಗುತ್ತದೆ. ಬಾಡಿಗೆ ಮನೆಗಳಿರುವ ಕಟ್ಟಡ, ಹಾಸ್ಟೆಲ್, ಹೋಟೆಲುಗಳ ಲೆಕ್ಕ ಬೇರೆ. ಒಂದು ಸಂಸಾರದ ಮನೆಗೆ ಒಂದು ಎಚ್‌ಪಿ ಬೇಕೇಬೇಕು ಎಂಬುದು ನನ್ನ ಮಟ್ಟಿಗೆ ದುಡ್ಡು ಪೋಲು ಮಾಡುವ ನಂಬಿಕೆ.

ಇನ್ನು ಪೈಪು. ನೀರು ಪೈಪಿನ ಗೋಡೆಗೆ ಉಜ್ಜಿಕೊಂಡು ಹರಿಯುವಾಗ ಕಳೆದುಕೊಳ್ಳುವ ಒತ್ತಡವೂ ಹೆಡ್‌ಗೆ ಸೇರುತ್ತದೆ. ನಮ್ಮ ಕಡೆ ಇದು ದೊಡ್ಡದಾಗಲು ವಾಸ್ತುವೂ ಒಂದು ಕಾರಣ. ಸಂಪು ಈಶಾನ್ಯಕ್ಕೆ, ಟ್ಯಾಂಕು ನೈಋತ್ಯಕ್ಕೆ. ಅಂದರೆ ಮನೆಯ ಒಂದು ಮೂಲೆಯಿಂದ ಎದುರು ಮೂಲೆಗೆ. 30×40 ಸೈಟಿನ ಮನೆಯಲ್ಲಿ ಗೋಡೆ ಹಿಡಿದು ಹೋಗುವ ಪೈಪು ಅಡ್ಡಕ್ಕೇ 60 ಅಡಿ ದಾಟುತ್ತದೆ, ಮೇಲಕ್ಕೆ ಇನ್ನೊಂದು 35 ಅಡಿ, ನಡುವೆ ಏಳೆಂಟು ಎಲ್‌ಬೋ. ಒಂದಿಂಚಿನ ಪ್ರತಿ ಎಲ್‌ಬೋ ಮುಕ್ಕಾಲು ಮೀಟರಿಗೂ ಹೆಚ್ಚು ನೇರ ಪೈಪಿನಷ್ಟು ತಡೆಯುತ್ತದೆ. ಎಲ್ಲ ಕೂಡಿಸಿದರೆ ಸುಮಾರು 35 ಮೀಟರ್ ಪೈಪಿನ ಲೆಕ್ಕ. ವಾಸ್ತು ಬಿಡಿ ಎಂದು ನಾನು ಹೇಳುತ್ತಿಲ್ಲ. ಆ ನಂಬಿಕೆ ಇಟ್ಟುಕೊಂಡವರು ಪೈಪಿನ ಗಾತ್ರದಲ್ಲಿ ಜಿಪುಣತನ ಮಾಡಬಾರದು.

ನಿಮಿಷಕ್ಕೆ 40 ಲೀಟರ್ ಹರಿಸಬೇಕೆಂದರೆ ಆ ಉದ್ದದಲ್ಲಿ ಆಗುವ ನಷ್ಟ ಹೀಗಿದೆ. ಒಳಗಂಡಿ 26 ಮಿಲಿಮೀಟರ್ ಇರುವ ಒಂದಿಂಚಿನ ಯುಪಿವಿಸಿಯಲ್ಲಿ ಸುಮಾರು ಎರಡೂವರೆ ಮೀಟರ್. ಮುಕ್ಕಾಲಿಂಚಿಗೆ ಇಳಿದರೆ ಸುಮಾರು 8 ಮೀಟರ್, ಅಂದರೆ ಮನೆಗೆ ಎರಡೂವರೆ ಅಂತಸ್ತು ಸುಮ್ಮನೆ ಸೇರಿಸಿದಂತೆ. ಒಂದೂಕಾಲಿಂಚು ಹಾಕಿದರೆ ಅರ್ಧ ಮೀಟರಿನ ಸುತ್ತಮುತ್ತ. ಇನ್ನೊಂದು ಸಂಗತಿ ಪ್ಲಂಬರುಗಳೂ ಹೇಳುವುದಿಲ್ಲ. ಸಿಪಿವಿಸಿಯಲ್ಲಿ ಒಂದಿಂಚು ಎಂದು ಮಾರುವ ಪೈಪಿನ ಒಳಗಂಡಿ 23-24 ಮಿಲಿಮೀಟರ್ ಮಾತ್ರ. ಅಷ್ಟು ಸಣ್ಣ ವ್ಯತ್ಯಾಸಕ್ಕೇ ನಷ್ಟ 4 ಮೀಟರ್ ಹತ್ತಿರ ಹೋಗುತ್ತದೆ. ಸಿಪಿವಿಸಿ ಇರುವುದು ಬಿಸಿನೀರಿಗೆ; ಮೋಟರಿನಿಂದ ಟ್ಯಾಂಕಿಗೆ ಅದರ ಅಗತ್ಯವೇ ಇಲ್ಲ. ಹರಿವು ಎರಡರಷ್ಟಾದರೆ ಉಜ್ಜಾಟದ ನಷ್ಟ ಮೂರೂವರೆ ಪಟ್ಟಾಗುತ್ತದೆ. ಅದಕ್ಕೇ ಹಳೆಯ ಮುಕ್ಕಾಲಿಂಚಿನ ಪೈಪಿಗೆ ದೊಡ್ಡ ಮೋಟರ್ ಕೂರಿಸಿದವರಿಗೆ ಸದ್ದು ಹೆಚ್ಚಾಗುತ್ತದೆ, ನೀರು ಅಷ್ಟಾಗಿ ಹೆಚ್ಚುವುದಿಲ್ಲ. ಪೈಪು ಬದಲಿಸುವ ಖರ್ಚು ಒಂದೇ ಸಲದ್ದು.

ನಮ್ಮ ಉದಾಹರಣೆಯ ಮನೆಗೆ 10.7 ಮೀಟರಿಗೆ ಎರಡೂವರೆ ಸೇರಿಸಿ 13 ಎಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ಹೇಳಬೇಕಾದ ಮಾತು ಇದು: “ಹದಿಮೂರು ಮೀಟರ್ ಹೆಡ್‌ನಲ್ಲಿ ನಿಮಿಷಕ್ಕೆ ಮೂವತ್ತು ಲೀಟರ್‌ಗೆ ಕಮ್ಮಿ ಇಲ್ಲದಂಗೆ ಕೊಡೋ ಮೋಟರ್ ತೋರ್ಸಿ.”

ಇದೇ ಲೆಕ್ಕವನ್ನು ಬೃಹತ್ ಗಾತ್ರದಲ್ಲಿ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯದ ನೀರನ್ನು ತರೀಕೆರೆ ತಾಲ್ಲೂಕಿನ ಪಂಪ್‌ಹೌಸುಗಳು ಎರಡು ಹಂತದಲ್ಲಿ ಎತ್ತುತ್ತವೆ. ಬೆಟ್ಟದತಾವರೆಕೆರೆ ಬಳಿಯ ಏರಿಕೆ ದಾಟಿದ ನೀರು ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಸುರಂಗದಲ್ಲಿ ಹರಿದು ಚಿತ್ರದುರ್ಗದ ಕಡೆ ಇಳಿಯುತ್ತದೆ. ಅಷ್ಟು ದೊಡ್ಡ ಯೋಜನೆಯಲ್ಲೂ ಎಂಜಿನಿಯರುಗಳು ಮೊದಲು ನಿಗದಿ ಮಾಡಿದ್ದು ಎಷ್ಟು ನೀರು, ಎಷ್ಟು ಎತ್ತರ, ಎಷ್ಟು ಉದ್ದದ ದಾರಿ ಎಂಬುದನ್ನು. ಮೋಟರಿನ ಗಾತ್ರ ಅದರ ಹಿಂದೆ ಬಂತು.

ಯಾವ ಬಗೆಯ ಮೋಟರ್ ಎಂಬುದು ಮುಂದಿನ ಮಾತು. ಅಂಗಡಿಯಲ್ಲಿ ಅತಿ ಹೆಚ್ಚು ಬಿಕರಿಯಾಗುವುದು ಸೆಲ್ಫ್ ಪ್ರೈಮಿಂಗ್ ಮೊನೊಬ್ಲಾಕ್. ಸಣ್ಣದು, ಅಗ್ಗ, ಒಮ್ಮೆ ನೀರು ತುಂಬಿ ಓಡಿಸಿದರೆ ಮುಂದೆ ತಾನೇ ಎಳೆದುಕೊಳ್ಳುತ್ತದೆ. ಇದರ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಮತ್ತು ಕವಚದ ನಡುವಿನ ಸಂದು ಕೂದಲೆಳೆಯಷ್ಟು ಕಿರಿದು. ಶುದ್ಧ ನೀರಿಗೆ ಇದರಷ್ಟು ಅನುಕೂಲದ್ದು ಇನ್ನೊಂದಿಲ್ಲ. ನಮ್ಮ ಸಂಪುಗಳಿಗೆ ಬರುವುದು ಬರೀ ಶುದ್ಧ ನೀರಲ್ಲ. ಬೋರಿನ ನೀರಿನ ಜೊತೆ ನುಣುಪು ಮರಳು ಬರುತ್ತದೆ, ಟ್ಯಾಂಕರಿನ ತಳದ ರಾಡಿ ಬರುತ್ತದೆ. ಆ ಸಂದಿನಲ್ಲಿ ಮರಳು ಉಜ್ಜಿ ಉಜ್ಜಿ ಸಂದು ಅಗಲವಾದರೆ ಮೋಟರ್ ತಿರುಗುತ್ತದೆ, ನೀರು ಏರುವುದಿಲ್ಲ. ಗಡಸು ನೀರಾದರೆ ಇನ್ನೊಂದು ತೊಂದರೆ. ಹದಿನೈದು ದಿನ ಊರಿಗೆ ಹೋಗಿ ಬಂದವರ ಮನೆಯ ಮೋಟರ್ ಬಿಳಿ ಸುಣ್ಣ ಕಟ್ಟಿಕೊಂಡು ಜಾಮ್ ಆಗಿ ಬರೀ ಗುಂಯ್ಗುಡುತ್ತದೆ. ಆಗ ಸ್ವಿಚ್ ಆಫ್ ಮಾಡಿ, ಹಿಂದಿನ ಫ್ಯಾನಿನ ಕಡೆಯಿಂದ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ಸಡಿಲ ಮಾಡಬೇಕು. ಗುಂಯ್ಗುಡಲು ಬಿಟ್ಟರೆ ವೈಂಡಿಂಗ್ ಹೋಗುತ್ತದೆ.

ಮರಳು, ಕೆಸರು ಬರುವ ಮನೆಗೆ ನನ್ನ ಆಯ್ಕೆ ಓಪನ್‌ವೆಲ್ ಸಬ್‌ಮರ್ಸಿಬಲ್. ಅದು ಸಂಪಿನೊಳಗೇ ಮುಳುಗಿ ಕೂರುತ್ತದೆ. ಎಳೆಯುವ ಕೆಲಸವೇ ಇಲ್ಲ, ಏರ್ ಲಾಕ್ ಇಲ್ಲ, ಸಕ್ಷನ್ ಪೈಪಿನ ತುದಿಗೆ ಫುಟ್‌ವಾಲ್ವ್ ಬೇಡ, ಬೆಳಗಿನ ಜಾವ ಓಡಿಸಿದರೂ ಪಕ್ಕದ ಕೋಣೆಯವರಿಗೆ ನಿದ್ದೆ ಕೆಡುವುದಿಲ್ಲ. ಬೆಲೆ ಹೆಚ್ಚು, ರಿಪೇರಿಗೆ ಮೇಲೆತ್ತಬೇಕು. ತಳಕ್ಕೆ ನೇರ ಇಡದೆ ಎರಡು ಸಿಮೆಂಟ್ ಇಟ್ಟಿಗೆಯ ಮೇಲೆ ಕೂರಿಸಿದರೆ ಅಡಿಯ ರಾಡಿಯನ್ನು ಎಳೆಯುವುದಿಲ್ಲ. ಮೇಲೇ ಇಡಬೇಕೆನ್ನುವವರು ಫುಟ್‌ವಾಲ್ವ್ ಇರುವ ಸೆಂಟ್ರಿಫ್ಯೂಗಲ್ ಮೊನೊಬ್ಲಾಕ್ ನೋಡಬಹುದು. ಅದರ ಸಂದು ಅಗಲ, ಮರಳು ತಾಳಿಕೊಳ್ಳುತ್ತದೆ.

ಮೇಲಿಟ್ಟ ಮೋಟರ್ ನೀರನ್ನು ಎಳೆಯುವುದು ಗಾಳಿಯ ಒತ್ತಡದ ಬಲದಿಂದ. ಸಮುದ್ರಮಟ್ಟದಲ್ಲಿ ಆ ಒತ್ತಡ ನೀರನ್ನು ಹೆಚ್ಚೆಂದರೆ 10.3 ಮೀಟರ್ ತಳ್ಳಬಲ್ಲದು. ಕಡೂರು ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ, ಇಲ್ಲಿ ಅದು 9.4ಕ್ಕೆ ಇಳಿದಿರುತ್ತದೆ. ಪೈಪಿನ ನಷ್ಟ, ಮೋಟರಿನ ಸ್ವಂತ ಬೇಡಿಕೆ ಕಳೆದರೆ ನಂಬಬಹುದಾದದ್ದು ಆರು ಮೀಟರ್ ಮಾತ್ರ. ಆರಡಿಯ ಸಂಪಿಗೆ ಇದು ಚಿಂತೆಯಲ್ಲ. ಹಳೆಯ ಸೇದೋ ಬಾವಿಯಿಂದ ಎಳೆಯುವವರಿಗೆ ಚಿಂತೆ. ಅಲ್ಲಿ ನೀರು ಅದಕ್ಕಿಂತ ಆಳದಲ್ಲಿದ್ದರೆ ಮೇಲಿಟ್ಟ ಇಂಥ ಮೋಟರ್ ಎಷ್ಟು ಎಚ್‌ಪಿಯದಾದರೂ ಏನೂ ಮಾಡಲಾರದು, ನೀರಿನೊಳಗೆ ಇಳಿಸುವ ಮೋಟರೇ ಬೇಕು.

ತೋಟದ ಬೋರಿನಿಂದ ಎತ್ತಿದ ಹಳೆಯ ಸಬ್‌ಮರ್ಸಿಬಲ್ ಮನೆಯಲ್ಲಿ ಬಿದ್ದಿದೆ, ಅದನ್ನೇ ಸಂಪಿಗೆ ಬಿಡೋಣ ಎಂದು ಯೋಚಿಸುವವರು ನಮ್ಮ ಸೀಮೆಯಲ್ಲಿ ಇದ್ದಾರೆ. ದಯವಿಟ್ಟು ಬೇಡ. ನೂರಾರು ಅಡಿಯಿಂದ ಎತ್ತಲು ಹಲವು ಸ್ಟೇಜು ಜೋಡಿಸಿದ ಪಂಪು ಅದು. 35 ಅಡಿಗೆ ಹಚ್ಚಿದರೆ ತಡೆಯಿಲ್ಲದೆ ನೀರು ನುಗ್ಗಿ ಇಂಪೆಲ್ಲರುಗಳು ಮೇಲಕ್ಕೆ ತಳ್ಳಲ್ಪಟ್ಟು ಸವೆಯುತ್ತವೆ, ಮೋಟರಿಗೆ ಹೊರೆ ಏರುತ್ತದೆ. ಬೋರಿನ ಕೊಳವೆಯಲ್ಲಿ ಮೈ ಸವರಿ ಹರಿಯುವ ನೀರೇ ಅದನ್ನು ತಂಪಾಗಿಡುತ್ತಿತ್ತು, ಸಂಪಿನಲ್ಲಿ ಆ ಹರಿವೂ ಇಲ್ಲ. ಸೆಂಟ್ರಿಫ್ಯೂಗಲ್ ಬಗೆಯಲ್ಲಿ ಯಾವ ಮೋಟರೇ ಆಗಲಿ, ಅಗತ್ಯಕ್ಕಿಂತ ತೀರಾ ಹೆಚ್ಚಿನ ಹೆಡ್‌ನದು ಒಳ್ಳೆಯದಲ್ಲ. ಕಡಿಮೆ ಎತ್ತರದಲ್ಲಿ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಸೆಲ್ಫ್ ಪ್ರೈಮಿಂಗ್ ಮೊನೊಬ್ಲಾಕಿನದು ತಿರುವುಮುರುವು. ವಾಲ್ವ್ ಮುಚ್ಚಿ ಓಡಿಸಿದರೆ ಅದಕ್ಕೆ ಹೊರೆ. ಹಾಗಾಗಿ ಅದರ ಡೆಲಿವರಿ ಪೈಪಿನ ವಾಲ್ವನ್ನು ಅರ್ಧ ತಿರುಗಿಸಿ ನೀರು ಕಡಿಮೆ ಮಾಡುವ ಅಭ್ಯಾಸ ಬಿಡಬೇಕು.

ಮೆಸ್ಕಾಂ ಲೈನಿನ ಕೊನೆಗಿರುವ ಹಳ್ಳಿಗಳಲ್ಲಿ ಮೋಟರ್ ಸುಡಲು ವೋಲ್ಟೇಜೇ ಮುಖ್ಯ ಕಾರಣ. ತೋಟದ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವ ಹೊತ್ತಿಗೆ ಮನೆಯ ವೋಲ್ಟೇಜ್ ಕುಸಿಯುತ್ತದೆ. ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಇದ್ದರೆ ಉಳಿಯುವುದು ನೂರಕ್ಕೆ 61 ಮಾತ್ರ. ನಾಮಫಲಕದಲ್ಲಿ 180ರಿಂದ 240 ವೋಲ್ಟ್ ಎಂದು ಬರೆದದ್ದನ್ನೇ ಕೊಳ್ಳಿ. ಒಳಗೆ ತಾಮ್ರದ ವೈಂಡಿಂಗ್ ಇರಲಿ, ಥರ್ಮಲ್ ಓವರ್‌ಲೋಡ್ ಪ್ರೊಟೆಕ್ಟರ್ ಇರಲಿ. ಐಎಸ್‌ಐ ಗುರುತಿನ ಜೊತೆಗಿನ ಸಂಖ್ಯೆಯನ್ನೂ ಓದಿ. ಮೊನೊಬ್ಲಾಕಿಗೆ ಐಎಸ್ 9079, ಸೆಲ್ಫ್ ಪ್ರೈಮಿಂಗ್ ಬಗೆಗೆ ಐಎಸ್ 8472, ಓಪನ್‌ವೆಲ್‌ಗೆ ಐಎಸ್ 14220. ಕರೆಂಟ್ ಬಿಲ್ಲಿನ ಚಿಂತೆ ಇಲ್ಲಿ ದೊಡ್ಡದಲ್ಲ. ಸಾವಿರ ಲೀಟರನ್ನು 12 ಮೀಟರ್ ಎತ್ತುವ ಕೆಲಸ ಒಂದು ಯೂನಿಟ್ಟಿನ ಮೂವತ್ತನೇ ಒಂದು ಪಾಲು. ಸಣ್ಣ ಮೋಟರುಗಳು ಅದರ ಹಲವು ಪಟ್ಟು ತಿಂದರೂ ಒಂದು ಯೂನಿಟ್ಟನ್ನು ದಾಟುವುದಿಲ್ಲ. ರಿಪೇರಿಯ ಖರ್ಚು ಇದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ಬಿಡಿಭಾಗ ಮತ್ತು ಸರ್ವಿಸ್ ನಿಮ್ಮ ಪೇಟೆಯಲ್ಲೇ ಸಿಗುವ ಕಂಪನಿಯದನ್ನು ಆರಿಸಿ.

ಜೋಡಿಸುವಾಗ ಡೆಲಿವರಿ ಪೈಪಿಗೆ ಒಂದು ಎನ್‌ಆರ್‌ವಿ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್), ಮೋಟರಿನ ಎರಡೂ ಬದಿಗೆ ಯೂನಿಯನ್ ಹಾಕಿಸಿ. ಯೂನಿಯನ್ ಇದ್ದರೆ ರಿಪೇರಿಗೆ ಪೈಪು ಕೊಯ್ಯಬೇಕಿಲ್ಲ. ಟ್ಯಾಂಕಿನೊಳಗೆ ಪೈಪಿನ ತುದಿ ನೀರಿನಲ್ಲಿ ಮುಳುಗದಂತೆ ಮೇಲೆಯೇ ನಿಲ್ಲಲಿ. ಮುಳುಗಿದ್ದು ವಾಲ್ವೂ ಸೋರಿದರೆ ಮೋಟರ್ ನಿಂತ ಮೇಲೆ ಟ್ಯಾಂಕಿನ ನೀರು ತಾನಾಗಿ ಸಂಪಿಗೆ ವಾಪಸಾಗುತ್ತದೆ. ಸಂಪಿನಲ್ಲಿ ನೀರು ತಳಕ್ಕಿಳಿದಾಗ ಮೋಟರ್ ನಿಲ್ಲಿಸುವ ಲೆವೆಲ್ ಕಂಟ್ರೋಲರ್ ಬೇಸಿಗೆಯಲ್ಲಿ ಬೇಕೇಬೇಕು. ನೀರಿಲ್ಲದೆ ಕೆಲವು ನಿಮಿಷ ಓಡಿದರೂ ಸೀಲ್ ಸುಟ್ಟು ಸೋರಲು ಶುರುವಾಗುತ್ತದೆ.

ನೀರಿನೊಳಗೆ ಕರೆಂಟ್ ಇರುವ ಮನೆಗೆ ಅರ್ಥಿಂಗ್ ಮತ್ತು ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಮೋಟರ್ ಹಾಕಿಸಬೇಡಿ. ಇದರಲ್ಲಿ ಉಳಿಸುವ ಸಾವಿರ ರೂಪಾಯಿಗೆ ಅರ್ಥವಿಲ್ಲ. ಸಂಪಿಗೆ ಇಳಿಯುವ ಮೊದಲು ಮೇನ್ ಸ್ವಿಚ್ ಆಫ್ ಆಗಬೇಕು. ಮುಚ್ಚಳ ಬಹಳ ದಿನ ಮುಚ್ಚಿದ್ದ ಸಂಪಿನಲ್ಲಿ ಉಸಿರಾಡಲು ಆಗದ ಗಾಳಿ ನಿಂತಿರಬಹುದು. ಮುಚ್ಚಳ ತೆರೆದು ಗಂಟೆಗಟ್ಟಲೆ ಬಿಡಿ, ಫ್ಯಾನಿನಿಂದ ಗಾಳಿ ಹಾಯಿಸಿ, ಹಗ್ಗ ಹಿಡಿದ ಇನ್ನೊಬ್ಬರು ಮೇಲಿರಲಿ. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಸಂಪಿನೊಳಗೆ ಇಟ್ಟು ಓಡಿಸುವುದು ಪ್ರಾಣಾಪಾಯ. ಒಳಗೆ ಯಾರಾದರೂ ಕುಸಿದರೆ ಕಾಪಾಡಲು ಹಿಂದೆಯೇ ಇಳಿಯಬೇಡಿ. ಒಬ್ಬರ ಹಿಂದೆ ಒಬ್ಬರು ಇಳಿದು ಮನೆಮಂದಿಯೇ ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ.

ಹೊಸ ಮೋಟರ್ ಓಡಿಸಿದ ಮೊದಲ ದಿನ ತಾರಸಿಯಲ್ಲಿ ಇಪ್ಪತ್ತು ಲೀಟರಿನ ಬಕೆಟ್ ಪೈಪಿನ ಬಾಯಿಗೆ ಹಿಡಿದು ತುಂಬಲು ಎಷ್ಟು ಸೆಕೆಂಡ್ ಬೇಕಾಯಿತು ನೋಡಿ. ನಲವತ್ತು ಸೆಕೆಂಡಾದರೆ ನಿಮಿಷಕ್ಕೆ 30 ಲೀಟರ್. ಆ ಅಂಕಿಯನ್ನು ತಾರೀಖಿನ ಸಮೇತ ಸ್ವಿಚ್ ಬೋರ್ಡಿನ ಪಕ್ಕದ ಗೋಡೆಯಲ್ಲಿ ಬರೆದಿಡಿ. ವಾರಂಟಿ ಮುಗಿಯುವ ಮೊದಲು ಒಮ್ಮೆ ಮತ್ತೆ ಅಳೆಯಿರಿ. ನಲವತ್ತು ಇದ್ದದ್ದು ಅರವತ್ತಾಗಿದ್ದರೆ ಮೊದಲು ಫುಟ್‌ವಾಲ್ವಿನ ಜಾಲರಿ ಬಿಚ್ಚಿ ತೊಳೆಯಿರಿ, ಆಮೇಲೆ ಓಡುತ್ತಿರುವಾಗಿನ ವೋಲ್ಟೇಜ್ ನೋಡಿಸಿ. ಅವೆರಡೂ ಸರಿಯಿದ್ದರೆ ಇಂಪೆಲ್ಲರ್ ಸವೆದಿರಬಹುದು. ನೀರಿನ ಜೊತೆ ಗುಳ್ಳೆ ಬರುತ್ತಿದ್ದರೆ ಸಕ್ಷನ್ ಪೈಪಿನ ಜಾಯಿಂಟ್ ಎಲ್ಲೋ ಗಾಳಿ ಎಳೆಯುತ್ತಿದೆ. ಟೆಫ್ಲಾನ್ ಟೇಪು ಸುತ್ತಿ ಬಿಗಿ ಮಾಡಿದರೆ ಅದು ಅಂದೇ ಸರಿಹೋಗುತ್ತದೆ.